ಹಾಲಿನ ಚರ್ಚೆಯಲ್ಲಿ ಕಳೆದ ಹತ್ತು ಗಂಟೆ: ಹೆಪಟೈಟಿಸ್ ಬಿ ಇರುವ ತಾಯಿಯೊಬ್ಬರ ಪ್ರಕರಣ

ಈ ಪ್ರಕರಣದ ತಾಯಿಗೆ ಆಗ ಇಪ್ಪತ್ತಾರು ವರ್ಷ. ಶಿರಾ ಕಡೆಯ ಹಳ್ಳಿಯಿಂದ ಮದುವೆಯಾಗಿ ಬೆಂಗಳೂರಿಗೆ ಬಂದವರು, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್. ಗಂಡ ಬಾಡಿಗೆಗೆ ಗೂಡ್ಸ್ ಆಟೊ ಓಡಿಸುತ್ತಾರೆ. ಲಗ್ಗೆರೆಯ ಎರಡು ಕೋಣೆಯ ಮನೆಯಲ್ಲಿ ಅತ್ತೆಯೂ ನಾಲ್ಕು ವರ್ಷದ ಮಗಳೂ ಜೊತೆಗಿದ್ದರು. ಗುರುತು ಸಿಗದಿರಲೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ವೈದ್ಯಕೀಯ ಸಂಗತಿಗಳನ್ನು ಇದ್ದಂತೆಯೇ ಬರೆದಿದ್ದೇನೆ.

ಎರಡನೆಯ ಬಸುರಿನ ಮೂರನೆಯ ತಿಂಗಳಲ್ಲಿ ಬಡಾವಣೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿದ ರಕ್ತಪರೀಕ್ಷೆಯಲ್ಲಿ, ಲಿವರಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಪ್ರೋಟೀನು, ಅಂದರೆ ಎಚ್‌ಬಿಎಸ್‌ಎಜಿ, ಪಾಸಿಟಿವ್ ಬಂತು. ಅದನ್ನು ತಾಯಿ ಕಾರ್ಡಿನ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಎರಡು ಗೆರೆ ಎಳೆದು, ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಮನೆಯವರಿಗೆ ಅರ್ಥವಾದದ್ದು 'ಜಾಂಡೀಸ್ ಇದೆಯಂತೆ' ಎಂಬುದಷ್ಟೆ. ಆದರೆ ಆಕೆಯ ಕಣ್ಣು ಹಳದಿಯಾಗಿರಲಿಲ್ಲ, ಊಟ ಸೇರುತ್ತಿತ್ತು, ದಿನಕ್ಕೆ ಎಂಟು ಗಂಟೆ ಮಷಿನ್ ಮುಂದೆ ಕೂರುತ್ತಿದ್ದರು. ಕಾಮಾಲೆ ಎಂದಮೇಲೆ ಕಾಣಬೇಕಲ್ಲ ಎಂದು ಅತ್ತೆ ಕೇಳಿದ ಪ್ರಶ್ನೆ ಸಹಜವಾದದ್ದೇ. ಊರಿಂದ ನೆಲನೆಲ್ಲಿಯ ಕಷಾಯ ಬಂತು, ಎಣ್ಣೆ ಪದಾರ್ಥ ನಿಂತಿತು, ದೊಡ್ಡ ಆಸ್ಪತ್ರೆಯ ಮಾತು ಹಿಂದೆ ಬಿತ್ತು. ದೀರ್ಘಕಾಲಿಕ ಹೆಪಟೈಟಿಸ್ ಬಿ ಸೋಂಕಿರುವ ಬಹುಪಾಲು ಜನರಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ, ಕಾಮಾಲೆಯಂತೂ ಇರುವುದೇ ಇಲ್ಲ ಎನ್ನಬಹುದು ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಇಪ್ಪತ್ತೊಂಬತ್ತನೆಯ ವಾರದಲ್ಲಿ ಬಡಾವಣೆಯ ಆಶಾ ಕಾರ್ಯಕರ್ತೆ ತಾವೇ ಜೊತೆಗೆ ಬಂದು ಆಕೆಯನ್ನು ನಮ್ಮ ಆಸ್ಪತ್ರೆಗೆ ಸೇರಿಸಿದ್ದರಿಂದ ಉಳಿದ ಪರೀಕ್ಷೆಗಳಾದವು. ವೈರಸ್ ಬಿರುಸಾಗಿ ವೃದ್ಧಿಯಾಗುತ್ತಿದೆ ಎಂದು ಸೂಚಿಸುವ ಎಚ್‌ಬಿಇಎಜಿ ಪಾಸಿಟಿವ್ ಇತ್ತು. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಮಿಲಿಲೀಟರಿಗೆ 3.2 ಕೋಟಿ ಅಂತರರಾಷ್ಟ್ರೀಯ ಯೂನಿಟ್. ಎಎಲ್‌ಟಿ ಎಂಬ ಲಿವರ್ ಕಿಣ್ವ 22, ಅಂದರೆ ಸಹಜ. ಎಳವೆಯಲ್ಲೇ ಸೋಂಕು ತಗುಲಿದವರ ಯೌವನದಲ್ಲಿ ಕಾಣುವ ಚಿತ್ರ ಇದು: ರಕ್ತದ ತುಂಬ ವೈರಸ್, ಆದರೆ ದೇಹ ಅದರ ಜೊತೆ ಜಗಳಕ್ಕೆ ಇಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ಗರ್ಭಿಣಿಯ ವೈರಲ್ ಲೋಡ್ 2 ಲಕ್ಷ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ 28ನೆಯ ವಾರದಿಂದ ಹೆರಿಗೆಯವರೆಗಾದರೂ ವೈರಸ್ ತಗ್ಗಿಸುವ ಟೆನೊಫೊವಿರ್ ಮಾತ್ರೆ ಕೊಡಬೇಕಾಗಿತ್ತು. ಇವರಿಗೆ 300 ಮಿಲಿಗ್ರಾಂ ಮಾತ್ರೆ ಆರಂಭವಾದದ್ದು ಮೂವತ್ತನೆಯ ವಾರದಲ್ಲಿ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಮಾತ್ರೆ ಉಚಿತವಾಗಿ ಸಿಗುವುದರಿಂದ ಹಣದ ಅಡ್ಡಿ ಬರಲಿಲ್ಲ.

ಇಲ್ಲಿ ನಮ್ಮದೇ ಒಂದು ಲೋಪವನ್ನು ದಾಖಲಿಸಬೇಕು. ಹುಟ್ಟಿದ 12 ಗಂಟೆಯೊಳಗೆ ಮಗುವಿಗೆ ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಎರಡನ್ನೂ ಹಾಕಬೇಕು ಎಂದು ನಾವು ಒಂದು ಚೀಟಿಯಲ್ಲಿ ವೈದ್ಯರ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಬರೆದು ಕಾರ್ಡಿಗೆ ಪಿನ್ ಮಾಡಿದೆವು. ತಾಯಿ ಎದೆಹಾಲು ಕೊಡಬಹುದು ಎಂದು ಎಲ್ಲಿಯೂ ಬರೆಯಲಿಲ್ಲ. ನಮಗೆ ಅದು ಹೇಳಬೇಕಾದ ವಿಷಯ ಎಂದೇ ಅನ್ನಿಸಿರಲಿಲ್ಲ. ಚೀಟಿ ಎಲ್ಲೋ ಕಳಚಿಬಿತ್ತು. ಕೆಂಪು ಶಾಯಿ ಮಾತ್ರ ಉಳಿಯಿತು.

ಆ ರಾತ್ರಿ

ಮೂವತ್ತೇಳು ವಾರ ತುಂಬಿದ ಮೇಲೆ, ಒಂದು ಶನಿವಾರ ರಾತ್ರಿ ನೆತ್ತಿನೀರು ಒಡೆಯಿತು. ನಮ್ಮ ಆಸ್ಪತ್ರೆಯವರೆಗೆ ಬರುವಷ್ಟು ವ್ಯವಧಾನ ಇರಲಿಲ್ಲವಾದ್ದರಿಂದ ಮನೆಯ ಹತ್ತಿರದ ಸಣ್ಣ ನರ್ಸಿಂಗ್ ಹೋಮ್‌ಗೆ ಹೋದರು. ಭಾನುವಾರ ನಸುಕಿನ 1.20ಕ್ಕೆ ಸಹಜ ಹೆರಿಗೆ, 2.6 ಕಿಲೊ ತೂಕದ ಗಂಡುಮಗು, ಹುಟ್ಟುತ್ತಲೇ ಅತ್ತಿತು. ಮಗುವನ್ನು ತಾಯಿಯ ಎದೆಯ ಮೇಲೆ ಇಡುವ ಹೊತ್ತಿಗೆ ಸರಿಯಾಗಿ ರಾತ್ರಿ ಪಾಳಿಯ ನರ್ಸ್ ತಾಯಿ ಕಾರ್ಡ್ ತಿರುವಿ ನೋಡಿ, ಮಗುವನ್ನು ಎತ್ತಿಕೊಂಡು, ಬೆಳಿಗ್ಗೆ ಡಾಕ್ಟರ್ ಬಂದು ಹೇಳುವ ತನಕ ಹಾಲು ಕೊಡಬಾರದು ಎಂದರು. ತಾಯಿಗೆ ವೈರಸ್ ಇದೆ, ಹಾಲಿನಲ್ಲಿ ಮಗುವಿಗೆ ಹೋಗುತ್ತದೆ ಎಂಬ ಕಾರಣವನ್ನೂ ಕೊಟ್ಟರು.

ಗಂಡ ಮೆಡಿಕಲ್ ಸ್ಟೋರ್ ಬಾಗಿಲು ತಟ್ಟಿ ಡಬ್ಬಿ ಹಾಲಿನ ಪುಡಿ ತಂದರು. ಅತ್ತೆ ಒಳಲೆಯಲ್ಲಿ ಕುಡಿಸಿದರು. ನಸುಕಿನಲ್ಲಿ ತಾಯಿಯ ಎದೆಯಲ್ಲಿ ಕಂಡ ಮೊದಲ ಹಳದಿ ಹಾಲನ್ನು, ಯಾರೋ ಹೇಳಿದರೆಂದು, ಹತ್ತಿಗೆ ಹಿಂಡಿ ಎಸೆಯಲಾಯಿತು. ಬೆಳಗಿನ ಆರು ಗಂಟೆಗೆ ಶಿರಾದಿಂದ ತಾಯಿಯ ತಾಯಿ ಬಂದಿಳಿದರು. ಅಲ್ಲಿಂದ ಒಂಬತ್ತರವರೆಗೆ ಆ ಕೋಣೆಯಲ್ಲಿ ನಡೆದದ್ದು ಹಾಲಿನ ಚರ್ಚೆ ಒಂದೇ: ಕೊಡಬೇಕೆ, ಬೇಡವೆ, ಎಷ್ಟು ದಿನ ಬೇಡ, ಹಾಲು ಬತ್ತಿಸುವ ಮಾತ್ರೆ ತೆಗೆದುಕೊಳ್ಳಬೇಕೆ. ಇಬ್ಬರು ಅಜ್ಜಿಯರು, ತಂದೆ, ಪಕ್ಕದ ಮಂಚದ ಬಾಣಂತಿಯ ಕಡೆಯವರು, ಎಲ್ಲರೂ ಅದರಲ್ಲಿ ಪಾಲುಗೊಂಡರು.

ಇಂಜೆಕ್ಷನ್ನಿನ ಮಾತು ಯಾರೂ ಎತ್ತಲಿಲ್ಲ. ಆ ನರ್ಸಿಂಗ್ ಹೋಮ್‌ನಲ್ಲಿ ಇಮ್ಯುನೊಗ್ಲಾಬ್ಯುಲಿನ್ ಇರಲಿಲ್ಲ. ಲಸಿಕೆಯನ್ನು ಸೋಮವಾರ ಲಸಿಕೆ ಹಾಕುವ ಸಿಸ್ಟರ್ ಬಂದಮೇಲೆ ಎಲ್ಲ ಮಕ್ಕಳಿಗೂ ಒಟ್ಟಿಗೆ ಹಾಕುವುದು ಅಲ್ಲಿನ ರೂಢಿ. ನರ್ಸ್ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಕಾರ್ಡ್ ಓದಿದರು, ಓದಿದ್ದರಿಂದ ಗಾಬರಿಯಾದರು, ಮಗುವಿಗೆ ಒಳ್ಳೆಯದಾಗಲೆಂದೇ ಮಾಡಿದರು. ಆದರೆ ತಡೆದದ್ದು ತಡೆಯಬೇಕಿಲ್ಲದ್ದನ್ನು. ಮುಂದೂಡಿದ್ದು ಒಂದು ಗಂಟೆಯೂ ಮುಂದೂಡಬಾರದ್ದನ್ನು.

ಒಂಬತ್ತು ಗಂಟೆಗೆ ಆಶಾ ಕಾರ್ಯಕರ್ತೆ ವಿಷಯ ತಿಳಿದು ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ಪಾಪುವಿಗೆ ಆ ಎರಡು ಸೂಜಿ ಹಾಕಿದ್ರಾ?" ಎಂಬುದು. ಹಾಕಿಲ್ಲ ಎಂದೊಡನೆ ನನಗೆ ಫೋನ್ ಬಂತು. ನರ್ಸಿಂಗ್ ಹೋಮ್‌ನ ವೈದ್ಯರು ತಕರಾರಿಲ್ಲದೆ ಕಳಿಸಿಕೊಟ್ಟರು. ತಾಯಿ ಮಗು ಇಬ್ಬರೂ ಹನ್ನೊಂದಕ್ಕೆ ನಮ್ಮಲ್ಲಿಗೆ ಬಂದರು. 11.40ಕ್ಕೆ, ಮಗುವಿನ ಮೈಮೇಲೆ ಒಣಗಿದ್ದ ರಕ್ತವನ್ನು ಒರೆಸಿ ಚರ್ಮ ಶುಚಿಮಾಡಿದ ಮೇಲೆ, ಒಂದು ತೊಡೆಗೆ 0.5 ಮಿಲಿಲೀಟರ್ ಲಸಿಕೆ, ಇನ್ನೊಂದು ತೊಡೆಗೆ 100 ಯೂನಿಟ್ ಇಮ್ಯುನೊಗ್ಲಾಬ್ಯುಲಿನ್ ಹಾಕಿದೆವು. ಹುಟ್ಟಿ ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು.

ಗಡಿಯಾರದ ಲೆಕ್ಕ ಏಕೆ

ಹೆಪಟೈಟಿಸ್ ಬಿ ತಾಯಿಯಿಂದ ಮಗುವಿಗೆ ದಾಟುವುದು ಹೆಚ್ಚಾಗಿ ಹೆರಿಗೆಯ ಹೊತ್ತಿನಲ್ಲಿ. ಮಗು ಹೊರಬರುವಾಗ ತಾಯಿಯ ರಕ್ತ ಮತ್ತು ಸ್ರಾವಗಳು ಅದರ ಕಣ್ಣು, ಬಾಯಿ, ಚರ್ಮದ ಗೀರುಗಳಿಗೆ ತಾಗುತ್ತವೆ. ಒಂದಿಷ್ಟನ್ನು ಅದು ನುಂಗಿಯೂ ಇರುತ್ತದೆ. ಎಚ್‌ಬಿಇಎಜಿ ಪಾಸಿಟಿವ್ ಇರುವ ತಾಯಂದಿರ ನೂರು ಮಕ್ಕಳಿಗೆ ಏನೂ ಮಾಡದೆ ಬಿಟ್ಟರೆ 70ರಿಂದ 90 ಮಕ್ಕಳಿಗೆ ಸೋಂಕು ತಗುಲುತ್ತದೆ. ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರಕ್ಕೆ ಐದು ಜನರಲ್ಲೂ ಅದು ಬೇರೂರುವುದಿಲ್ಲ, ಉಳಿದವರ ದೇಹವೇ ಅದನ್ನು ತೊಡೆದುಹಾಕುತ್ತದೆ. ಆದರೆ ನವಜಾತ ಶಿಶುವಿಗೆ ತಗುಲಿದರೆ ನೂರಕ್ಕೆ ತೊಂಬತ್ತರಲ್ಲಿ ಜೀವನಪರ್ಯಂತ ಉಳಿದುಬಿಡುತ್ತದೆ, ಮುಂದೆ ಎಷ್ಟೋ ವರ್ಷಗಳ ಮೇಲೆ ಲಿವರ್ ಗಟ್ಟಿಕಟ್ಟುವ ಸಿರೋಸಿಸ್ಸಿಗೋ ಲಿವರ್ ಕ್ಯಾನ್ಸರಿಗೋ ದಾರಿಮಾಡುತ್ತದೆ. ಹಾಗಾಗಿ ಮಗು ಹುಟ್ಟಿದ ಕ್ಷಣದಲ್ಲಿ ವೈರಸ್ ಅದರ ಮೈಸೇರಿರಬಹುದು ಎಂದೇ ಭಾವಿಸಿ, ಅದು ಲಿವರಿನಲ್ಲಿ ನೆಲೆಯೂರುವ ಮೊದಲು ತಡೆಯಬೇಕಾಗುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಎಂದರೆ ಸಿದ್ಧ ಪ್ರತಿಕಾಯ, ಹಾಕಿದೊಡನೆ ಕೆಲಸ ಶುರು ಮಾಡುವಂಥದ್ದು. ಲಸಿಕೆ ಮಗುವಿನ ಸ್ವಂತ ಪ್ರತಿಕಾಯಗಳನ್ನು ಬೆಳೆಸುತ್ತದೆ, ಅದಕ್ಕೆ ಸಮಯ ಬೇಕು. ಈ ನಡುವಿನ ವಾರಗಳನ್ನು ಮೊದಲನೆಯದು ಕಾಯುತ್ತದೆ. ತಡವಾದಷ್ಟೂ ಇವುಗಳ ಫಲ ಕುಗ್ಗುತ್ತದೆ. ನಮ್ಮ ಮಗುವಿಗೆ ಹನ್ನೆರಡು ಗಂಟೆಯ ಗಡುವಿಗೆ ಒಂದು ಗಂಟೆ ನಲವತ್ತು ನಿಮಿಷ ಬಾಕಿಯಿತ್ತು. ಸೋಮವಾರದವರೆಗೆ ಕಾದಿದ್ದರೆ?

ಎದೆಹಾಲಿನ ಮಾತಿಗೆ ಬಂದರೆ, ಸೋಂಕಿರುವ ತಾಯಂದಿರ ಹಾಲಿನಲ್ಲಿ ವೈರಸ್‌ನ ಅಂಶಗಳು ಪತ್ತೆಯಾಗಿರುವುದು ನಿಜ. ಇದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ಸರಿಯಲ್ಲ, ಏಕೆಂದರೆ ಮನೆಯವರು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಸಿಗುವುದೇ ಅದು. ಪ್ರಶ್ನೆ ಇರುವುದು, ಆ ಹಾಲು ಕುಡಿದ ಮಕ್ಕಳಿಗೆ ಕುಡಿಯದ ಮಕ್ಕಳಿಗಿಂತ ಹೆಚ್ಚು ಸೋಂಕು ಬಂತೇ ಎಂಬಲ್ಲಿ. ಇದಕ್ಕೆ ಉತ್ತರ ಲಸಿಕೆ ಬರುವ ಮೊದಲೇ ಸಿಕ್ಕಿತ್ತು. ಸಂಶೋಧಕ ಪಾಮರ್ ಬೀಸ್ಲಿ ಮತ್ತು ಸಂಗಡಿಗರು ತೈವಾನಿನಲ್ಲಿ ಸೋಂಕಿರುವ ತಾಯಂದಿರ ಮಕ್ಕಳನ್ನು ಹಿಂಬಾಲಿಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಹಾಲು ಕುಡಿದವರಲ್ಲೂ ಬಾಟಲಿ ಹಾಲು ಕುಡಿದವರಲ್ಲೂ ಸೋಂಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಯಾವ ರಕ್ಷಣೆಯೂ ಇಲ್ಲದ ಕಾಲದ ಮಕ್ಕಳವು. ಹಾಲೇ ದಾರಿಯಾಗಿದ್ದರೆ ವ್ಯತ್ಯಾಸ ಎದ್ದುಕಾಣಬೇಕಿತ್ತು. ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಬಂದ ಮೇಲಿನ ಅಧ್ಯಯನಗಳೂ ಎದೆಹಾಲಿನಿಂದ ಹೆಚ್ಚುವರಿ ಅಪಾಯವನ್ನು ಕಂಡಿಲ್ಲ. 1996ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೆಪಟೈಟಿಸ್ ಬಿ ಇರುವ ತಾಯಿ ಹಾಲುಣಿಸುವುದನ್ನು ನಿಲ್ಲಿಸಬೇಕಿಲ್ಲ, ಲಸಿಕೆ ಸಿಗದ ಕಡೆಯಲ್ಲೂ ನಿಲ್ಲಿಸಬೇಕಿಲ್ಲ ಎಂದು ಹೇಳಿತ್ತು. ಅಂದರೆ ನಮ್ಮ ತಾಯಿ 1.45ಕ್ಕೇ ಹಾಲು ಕೊಡಬಹುದಿತ್ತು. ಇಂಜೆಕ್ಷನ್‌ಗೆ ಕಾಯುವ ಅಗತ್ಯವೂ ಇರಲಿಲ್ಲ.

ಇಬ್ಬರು ಅಜ್ಜಿಯರು, ಒಂದೇ ಸಾಕ್ಷಿ

11.50ಕ್ಕೆ ಮಗುವನ್ನು ಎದೆಗೆ ಕೊಡಲು ಹೋದಾಗ ತಾಯಿಯೇ ಕೈ ಹಿಂದೆ ತೆಗೆದರು. ಹತ್ತು ಗಂಟೆ ಬೇಡ ಎಂದವರ ನಡುವೆ ಇದ್ದು ಬಂದವರಿಗೆ ಬಿಳಿ ಕೋಟಿನ ಒಬ್ಬಳು ಬೇಕು ಎಂದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ.

ಅತ್ತೆ ಹಾಲು ಕೊಡಲಿ ಎನ್ನುವ ಪಕ್ಷ. ಅವರ ವಾದ ಸರಳ: "ದೊಡ್ಡವಳು ಎರಡು ವರ್ಷ ಇವಳ ಹಾಲೇ ಕುಡಿದಳು. ಅವಳಿಗೇನಾಗಿದೆ?" ನಿಜವೇ, ಏಳನೆಯ ತಿಂಗಳಲ್ಲಿ ಮನೆಯವರೆಲ್ಲರ ರಕ್ತ ಪರೀಕ್ಷಿಸಿದಾಗ ಮಗಳಿಗೆ ಸೋಂಕು ಇರಲಿಲ್ಲ, ರಕ್ಷಣೆಯ ಪ್ರತಿಕಾಯಗಳಿದ್ದವು. ತೀರ್ಮಾನ ಸರಿ, ಆದರೆ ಕಾರಣ ಅವರು ಅಂದುಕೊಂಡದ್ದಲ್ಲ. ಆ ಮಗು 2019ರಲ್ಲಿ ಹುಟ್ಟಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ. ಅಲ್ಲಿ ತಾಯಿಯ ಸೋಂಕು ಯಾರಿಗೂ ಗೊತ್ತಿರದಿದ್ದರೂ, ಎಲ್ಲ ಮಕ್ಕಳಿಗೂ ಹಾಕುವಂತೆ ಹುಟ್ಟಿದ ದಿನವೇ ಹೆಪಟೈಟಿಸ್ ಬಿ ಲಸಿಕೆ ಹಾಕಿ ಕಾರ್ಡಿನಲ್ಲಿ ಗುರುತು ಮಾಡಿದ್ದರು. ಆ ಒಂದು ಸೂಜಿ ಯಾರ ಗಮನಕ್ಕೂ ಬಾರದೆ ತನ್ನ ಕೆಲಸ ಮಾಡಿತ್ತು.

ತಾಯಿಯ ತಾಯಿ ಬೇಡ ಎನ್ನುವ ಪಕ್ಷ, ಅವರ ವಾದಕ್ಕೆ ತೂಕ ಹೆಚ್ಚು. ಬಸುರಿ ಮಗಳಿಗೆ ಸೋಂಕು ಎಂದು ತಿಳಿದ ಮೇಲೆ ಅವರೂ ಊರಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದರು, ಪಾಸಿಟಿವ್ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಆ ಕೋಣೆಯಲ್ಲಿ, ಬೀಗಿತ್ತಿಯ ಎದುರು, ಮೊದಲ ಸಲ ಹೇಳಿದರು: "ನನ್ನ ಹಾಲು ಕುಡಿದೇ ಇವಳಿಗೆ ಬಂತು ಮೇಡಂ. ನಾನು ಮಾಡಿದ ತಪ್ಪನ್ನು ಇವಳು ಮಾಡೋದು ಬೇಡ."

ನಾನು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮನೆಯಲ್ಲಿ ಇರುವ ಸಾಕ್ಷಿ ಒಂದೇ, ಹಾಲು ಕುಡಿದ ಮಕ್ಕಳು. ಒಬ್ಬ ಅಜ್ಜಿಗೆ ಅದು ಅಭಯ, ಇನ್ನೊಬ್ಬರಿಗೆ ಇಪ್ಪತ್ತಾರು ವರ್ಷದ ಅಪರಾಧ. ಎರಡೂ ಕಥೆಗಳಲ್ಲಿ ಹಾಲು ಇದೆ, ಎರಡರಲ್ಲೂ ಹೆರಿಗೆಯೂ ಇದೆ; ಬೇರೆಯಾಗಿರುವುದು ಲಸಿಕೆ ಮಾತ್ರ. ಆಕೆ ಮಗಳನ್ನು ಹೆತ್ತದ್ದು 1997ರಲ್ಲಿ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ ಪ್ರಾಯೋಗಿಕವಾಗಿ ಸೇರಿದ್ದು 2002–03ರಲ್ಲಿ, ದೇಶದ ತುಂಬ ಬಂದದ್ದು 2011ರಲ್ಲಿ. ಮಗಳಿಗೆ ಸೋಂಕು ಹುಟ್ಟುವಾಗಲೇ ತಗುಲಿರುವ ಸಂಭವವೇ ಬಹಳ ಹೆಚ್ಚು. ಅಂದು ಹಾಲು ಬಿಡಿಸಿದ್ದರೂ ಅದು ತಪ್ಪುತ್ತಿರಲಿಲ್ಲ. ಇದನ್ನು ಹೇಳುವಾಗ ನಾನು ತೈವಾನಿನ ಲೆಕ್ಕ ಹೇಳಲಿಲ್ಲ. "ಅಮ್ಮಾ, ನಿಮ್ಮ ಹಾಲಿನದು ತಪ್ಪಲ್ಲ. ಆಗ ಸೂಜಿ ಇರಲಿಲ್ಲ, ಈಗ ಇದೆ, ಹಾಕಿ ಆಯಿತು" ಎಂದೆ. ಅವರು ಕಣ್ಣೊರೆಸಿಕೊಂಡು, ಮಗುವನ್ನು ತಾವೇ ಎತ್ತಿ ಮಗಳ ಮಡಿಲಿಗೆ ಕೊಟ್ಟರು. ಮಗು ಹಿಡಿಯಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಒಳಲೆಯ ಸಲೀಸು ಕಂಡ ಬಾಯಿಗೆ ಎದೆ ಹಿಡಿಯುವುದು ಶ್ರಮ ಎನ್ನಿಸಿತ್ತು.

ತಂದೆ ಸಂಜೆ ಒಂದು ಪ್ರಶ್ನೆಯೊಂದಿಗೆ ಬಂದರು. ವಾಣಿ ವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ, ಅಲ್ಲಿ ಹೆಪಟೈಟಿಸ್ ಬಿ ಇರುವವರ ಹಾಲು ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದರು. ಬೇರೆ ಮಕ್ಕಳಿಗೆ ಆಗದ ಹಾಲು ನಮ್ಮ ಮಗುವಿಗೆ ಹೇಗೆ ಆಗುತ್ತದೆ? ಈ ಪ್ರಕರಣದಲ್ಲಿ ನನಗೆ ಎದುರಾದ ಅತ್ಯಂತ ಚುರುಕಾದ ಪ್ರಶ್ನೆ ಇದು. ದಾನದ ಹಾಲು ಹೋಗುವುದು ಹೆಚ್ಚಾಗಿ ದಿನ ತುಂಬದೆ ಹುಟ್ಟಿದ, ತೂಕ ಕಡಿಮೆಯಿರುವ, ಅಪರಿಚಿತ ತಾಯಂದಿರ ಮಕ್ಕಳಿಗೆ. ಆ ಮಕ್ಕಳಿಗೆ ಇಮ್ಯುನೊಗ್ಲಾಬ್ಯುಲಿನ್ ಹಾಕಿರುವುದಿಲ್ಲ, ಈ ವೈರಸ್‌ನೊಂದಿಗೆ ಅವಕ್ಕೆ ಸಂಬಂಧವೇ ಇರುವುದಿಲ್ಲ. ಆದ್ದರಿಂದ ರಕ್ತದಾನದಂತೆಯೇ ಇಲ್ಲೂ ದಾನಿಗಳನ್ನು ಕಟ್ಟುನಿಟ್ಟಾಗಿ ಆರಿಸುತ್ತಾರೆ. ತನ್ನ ತಾಯಿಯ ರಕ್ತದಲ್ಲಿ ಮಿಂದು ಹುಟ್ಟಿ, ಎರಡು ಸೂಜಿಯ ರಕ್ಷಣೆ ಪಡೆದ ಮಗುವಿನ ಲೆಕ್ಕ ಬೇರೆ. ಅವರು ತಲೆಯಾಡಿಸಿದರು. ಪೂರ್ತಿ ಒಪ್ಪಿದರೋ ಇಲ್ಲವೋ, ಡಬ್ಬಿಯನ್ನು ಮಾತ್ರ ಮರುದಿನ ವಾಪಸು ಕೊಟ್ಟು ಬಂದರು.

ಡಬ್ಬಿ ಹಾಲು ಆ ಮನೆಯಲ್ಲಿ ಎಷ್ಟು ಸುರಕ್ಷಿತ ಎಂಬುದನ್ನೂ ತೂಗಬೇಕಿತ್ತು. ಕಾವೇರಿ ನೀರು ದಿನ ಬಿಟ್ಟು ದಿನ, ಉಳಿದ ದಿನ ಟ್ಯಾಂಕರ್. ಕುದಿಸಿ ಆರಿಸಿ ಅಳತೆಯಂತೆ ಕಲಸಬೇಕು. ತಿಂಗಳ ಕೊನೆಗೆ ದುಡ್ಡು ಸಾಲದೆ ನೀರು ಹೆಚ್ಚಿಸುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ. ಇಲ್ಲದ ಅಪಾಯ ತಪ್ಪಿಸಲು ಹೋಗಿ ವಾಂತಿಭೇದಿಯನ್ನು ಮನೆಗೆ ಕರೆದಂತಾಗುತ್ತಿತ್ತು.

ಎದೆಯ ಬಿರುಕು

ಆರನೆಯ ದಿನ ತಾಯಿ ಓಪಿಡಿಗೆ ಓಡಿಬಂದರು. ಮಗು ಕಕ್ಕಿದ ಹಾಲಿನಲ್ಲಿ ರಕ್ತದ ಎಳೆ ಕಂಡಿತ್ತು. ನೋಡಿದರೆ ಎಡಗಡೆಯ ಮೊಲೆತೊಟ್ಟು ಸೀಳಿ ಒಸರುತ್ತಿತ್ತು. ಹಾಲಿನಲ್ಲಿ ಅಪಾಯವಿಲ್ಲ ಎಂದು ನಾನು ಹೇಳಿದ್ದೇನೆ, ರಕ್ತದಲ್ಲಿ ಇದೆ ಎಂದೂ ಹೇಳಿದ್ದೇನೆ. ಈಗ ಎರಡೂ ಬೆರೆತಿವೆ. ಆಕೆಯ ಭಯಕ್ಕೆ ಅರ್ಥವಿತ್ತು.

ಮಗುವಿಗೆ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ನೂ ಸಕಾಲದಲ್ಲಿ ಬಿದ್ದಿದ್ದರಿಂದ ಹಾಲುಣಿಸುವುದನ್ನೇ ನಿಲ್ಲಿಸುವ ಕಾರಣ ನಮಗೆ ಕಾಣಲಿಲ್ಲ. ಹುಟ್ಟುವಾಗ ಎದುರಿಸಿದ ರಕ್ತದ ಮುಂದೆ ಈ ಎಳೆ ಯಾವ ಲೆಕ್ಕಕ್ಕೂ ಇಲ್ಲ, ಆ ದೊಡ್ಡ ಹೊಡೆತಕ್ಕೆಂದೇ ಕೊಟ್ಟ ರಕ್ಷಣೆ ಇದಕ್ಕೂ ಇದೆ. ಆದರೂ ಬಿರುಕು ಬಿಟ್ಟು ರಕ್ತ ಒಸರದಂತೆ ನೋಡಿಕೊಳ್ಳಬೇಕೆಂಬುದು ಎಲ್ಲ ಮಾರ್ಗದರ್ಶನದಲ್ಲೂ ಇರುವ ಮಾತು. ಎಚ್ಚರಿಕೆಗೆಂದು ಎಡಗಡೆಯ ಹಾಲನ್ನು ವಾಸಿಯಾಗುವವರೆಗೆ ಕೈಯಿಂದ ಹಿಂಡಿ ಚೆಲ್ಲಲು, ಬಲಗಡೆ ಎಂದಿನಂತೆ ಕುಡಿಸಲು ಹೇಳಿದೆವು. ಹಿಂಡದೆ ಬಿಟ್ಟರೆ ಎದೆ ಕಟ್ಟಿಕೊಂಡು ಜ್ವರ ಬರುತ್ತದೆ, ಹಾಲೂ ಇಳಿಯುತ್ತದೆ.

ಬಿರುಕು ಬಂದದ್ದೇಕೆ ಎಂದು ನೋಡುವುದು ಇದಕ್ಕಿಂತ ಮುಖ್ಯವಾಗಿತ್ತು. ಮಗು ತೊಟ್ಟಿನ ತುದಿಯನ್ನಷ್ಟೇ ಕಚ್ಚಿ ಎಳೆಯುತ್ತಿತ್ತು. ತಾಯಿ ಗೋಡೆಗೆ ಬೆನ್ನು ಕೊಟ್ಟು ಕೂತು, ಮಗುವಿನ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿ, ಬಾಯಿ ಅಗಲ ತೆರೆದಾಗ ತೊಟ್ಟಿನ ಸುತ್ತಲ ಕಪ್ಪು ಭಾಗವೂ ಒಳಹೋಗುವಂತೆ ಹಿಡಿಸುವುದನ್ನು ನಮ್ಮ ಸಿಸ್ಟರ್ ಮುಕ್ಕಾಲು ಗಂಟೆ ಕೂತು ಕಲಿಸಿದರು. ಕುಡಿಸಿದ ಮೇಲೆ ಒಂದೆರಡು ಹನಿ ಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಒಣಗಲು ಬಿಡುವುದು. ಮೂರನೆಯ ದಿನಕ್ಕೆ ರಕ್ತ ನಿಂತಿತು, ಐದನೆಯ ದಿನ ಎಡಗಡೆಯೂ ಕುಡಿಸತೊಡಗಿದರು. ಮೊದಲ ರಾತ್ರಿಯೇ ಎದೆಗೆ ಕೊಟ್ಟಿದ್ದರೆ, ಒಳಲೆಯ ಅಭ್ಯಾಸವಾಗದೆ ಇದ್ದಿದ್ದರೆ, ಈ ಬಿರುಕೂ ಬರುತ್ತಿರಲಿಲ್ಲವೇನೋ.

ಓಪಿಡಿಯ ಸಾಲಿನಲ್ಲಿ ಕೂತಾಗ ಯಾರೋ ಎಚ್‌ಐವಿ ಇದ್ದವರೂ ಕೊಡಬಾರದಲ್ಲವೇ ಎಂದು ಕೇಳಿದ್ದರಂತೆ. ಮೂರು ವೈರಸ್‌ಗಳನ್ನು ಒಂದೇ ಚೀಲಕ್ಕೆ ತುಂಬುವುದರಿಂದ ಈ ಗೊಂದಲ. ಎಚ್‌ಐವಿ ಎದೆಹಾಲಿನಿಂದ ದಾಟಬಲ್ಲದು, ಆದರೂ ತಾಯಿ ಆ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಔಷಧ ತಪ್ಪದೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲನ್ನೇ ಕೊಡಬೇಕೆಂಬುದು ನಮ್ಮ ರಾಷ್ಟ್ರೀಯ ನೀತಿ. ಹೆಪಟೈಟಿಸ್ ಸಿ ಹಾಲಿನಿಂದ ದಾಟುವುದಿಲ್ಲ, ಆದರೆ ಅದಕ್ಕೆ ಲಸಿಕೆ ಇಲ್ಲದ್ದರಿಂದ ತೊಟ್ಟು ಸೀಳಿ ರಕ್ತ ಬಂದಾಗ ವಾಸಿಯಾಗುವ ತನಕ ಆ ಕಡೆಯ ಹಾಲು ನಿಲ್ಲಿಸಬೇಕು. ಹೆಪಟೈಟಿಸ್ ಬಿಗೆ ಹುಟ್ಟಿದ ದಿನವೇ ಹಾಕುವ ಲಸಿಕೆ ಇದೆ.

ಮಾತ್ರೆಯ ಚೀಟಿ

ಟೆನೊಫೊವಿರ್ ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ಹಾಲುಣಿಸುವಾಗ ಜಾಗ್ರತೆ ಎಂದು ಇರುವುದನ್ನು ಔಷಧದಂಗಡಿಯ ಹುಡುಗ ಓದಿ ಹೇಳಿದ್ದರಿಂದ ಎರಡನೆಯ ವಾರ ಮೂರು ದಿನ ಆಕೆ ಮಾತ್ರೆ ಬಿಟ್ಟಿದ್ದರು. ಈ ಔಷಧ ಹಾಲಿಗೆ ಬರುವುದು ಅತ್ಯಲ್ಪ, ಬಂದದ್ದೂ ಮಗುವಿನ ಕರುಳಿನಿಂದ ಸರಿಯಾಗಿ ಹೀರಲ್ಪಡದ ರೂಪದಲ್ಲಿ. ಹಾಲುಣಿಸುವಾಗ ಅದನ್ನು ತೆಗೆದುಕೊಳ್ಳಬಹುದು ಎಂದು ಮಾರ್ಗಸೂಚಿಗಳು ಒಪ್ಪುತ್ತವೆ. ನಮ್ಮ ಲಿವರ್ ತಜ್ಞರು ಹನ್ನೆರಡು ವಾರ ಮುಂದುವರಿಸಿ ನಿಲ್ಲಿಸಿದರು. ನಿಲ್ಲಿಸಿದ ಮೇಲೆ, ಹೆರಿಗೆಯ ನಂತರದ ತಿಂಗಳುಗಳಲ್ಲಿ, ಲಿವರ್ ಕೆರಳುವ ಸಾಧ್ಯತೆ ಇರುವುದರಿಂದ ಎಎಲ್‌ಟಿ ನೋಡುತ್ತಲೇ ಇರಬೇಕು. ಐದನೆಯ ತಿಂಗಳಲ್ಲಿ ಅದು 96ಕ್ಕೆ ಏರಿ, ಎಂಟನೆಯ ತಿಂಗಳಿಗೆ ತಾನಾಗಿ ಇಳಿಯಿತು. ಈ ತಪಾಸಣೆಗೇ ಬಾಣಂತಿಯರು ಹೆಚ್ಚಾಗಿ ತಪ್ಪಿಸಿಕೊಳ್ಳುವುದು. ಮಗುವಿನ ಸೂಜಿಗೆ ಬಂದವರು ತಮ್ಮ ರಕ್ತ ಕೊಡಲು ಮರೆಯುತ್ತಾರೆ, ನಾವೂ ಕೇಳಲು ಮರೆಯುತ್ತೇವೆ.

ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಐದು ರೋಗಗಳಿಗೆ ಒಟ್ಟಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆ ಬೀಳಬೇಕು. ಅದರಲ್ಲಿ ಹೆಪಟೈಟಿಸ್ ಬಿ ಅಂಶ ಸೇರಿದೆ. ಮೊದಲ ಎರಡು ತವರಿನಲ್ಲಿ ಬಾಣಂತನದಲ್ಲಿದ್ದಾಗ, ಮೂರನೆಯದು ಬೆಂಗಳೂರಿಗೆ ಮರಳಿದ ಮೇಲೆ, ಹೇಳಿದ ವಾರಗಳಲ್ಲೇ ಬಿದ್ದವು; ಅದರ ಶ್ರೇಯ ಎರಡು ಊರುಗಳ ಆಶಾ ಕಾರ್ಯಕರ್ತೆಯರ ಫೋನ್ ಕರೆಗಳಿಗೆ ಸಲ್ಲಬೇಕು. ಈ ಮೂರು ಡೋಸ್ ತಪ್ಪಿದರೆ ಮೊದಲ ದಿನದ ಓಡಾಟ ಅರ್ಧ ವ್ಯರ್ಥ, ಏಕೆಂದರೆ ಇಮ್ಯುನೊಗ್ಲಾಬ್ಯುಲಿನ್ ಕೆಲವು ತಿಂಗಳಲ್ಲಿ ಕರಗಿಹೋಗುವ ಸಾಲದ ರಕ್ಷಣೆ. ಕಾರ್ಖಾನೆಯಿಂದ 26 ವಾರಗಳ ಹೆರಿಗೆ ರಜೆ ಸಿಕ್ಕಿದ್ದರಿಂದ ಆರು ತಿಂಗಳು ಎದೆಹಾಲೊಂದನ್ನೇ ಕೊಡಲು ಸಾಧ್ಯವಾಯಿತು. ಸೋಂಕಿನ ಸುದ್ದಿಯನ್ನು ಆಕೆ ಲೈನಿನಲ್ಲಿ ಯಾರಿಗೂ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಜೊತೆಯಲ್ಲಿ ಕೆಲಸ ಮಾಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮಗುವನ್ನು ಮುದ್ದಿಸುವುದರಿಂದ ಇದು ಹರಡುವುದಿಲ್ಲ. ಗಂಡನ ಪರೀಕ್ಷೆಯಲ್ಲಿ ಸೋಂಕೂ ಇರಲಿಲ್ಲ, ರಕ್ಷಣೆಯೂ ಇರಲಿಲ್ಲ. ಅವರಿಗೆ ಸೊನ್ನೆ, ಒಂದು, ಆರನೆಯ ತಿಂಗಳ ಲೆಕ್ಕದಲ್ಲಿ ಮೂರು ಡೋಸ್ ಹಾಕಿಸಿದೆವು.

ಮಗುವಿನ ರಕ್ತ ಪರೀಕ್ಷೆಗೆ ಮನೆಯವರು ಮೂರನೆಯ ತಿಂಗಳಿಂದಲೇ ಒತ್ತಾಯಿಸುತ್ತಿದ್ದರು. ಒಂಬತ್ತು ತಿಂಗಳಿಗೆ ಮೊದಲು ಮಾಡಿದರೆ ನಾವು ಹಾಕಿದ ಇಮ್ಯುನೊಗ್ಲಾಬ್ಯುಲಿನ್‌ನ ಪ್ರತಿಕಾಯಗಳೇ ಕಂಡು, ಲಸಿಕೆ ಹಿಡಿದಿದೆ ಎಂಬ ಸುಳ್ಳು ಸಮಾಧಾನ ಕೊಡಬಹುದು. ಆದ್ದರಿಂದ ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಾಡುವುದು ಕ್ರಮ. ಹತ್ತನೆಯ ತಿಂಗಳಲ್ಲಿ ಮಾಡಿದೆವು. ಎಚ್‌ಬಿಎಸ್‌ಎಜಿ ನೆಗೆಟಿವ್. ರಕ್ಷಣೆಯ ಪ್ರತಿಕಾಯ 312. ಹತ್ತು ದಾಟಿದರೆ ಸಾಕು. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ತಾಯಿ ಹೊರಗಿನ ಬೆಂಚಿನ ಮೇಲೆ ಸೆರಗು ಮುಚ್ಚಿ ಮಗುವಿಗೆ ಹಾಲು ಕೊಡುತ್ತಿದ್ದರು. ನಾನೇ ಹೊರಗೆ ಹೋಗಿ ಹೇಳಿದೆ.

ಅದಾದ ಮೇಲೆ ನಮ್ಮ ವಿಭಾಗದಲ್ಲಿ ಚೀಟಿ ಪಿನ್ ಮಾಡುವುದನ್ನು ನಿಲ್ಲಿಸಿದ್ದೇವೆ. ತಾಯಿ ಕಾರ್ಡಿನ ಮೇಲೆಯೇ, ಕೆಂಪು ಅಕ್ಷರದ ಕೆಳಗೆ, ಕನ್ನಡದಲ್ಲಿ ಎರಡು ಸಾಲು ಬರೆಯುತ್ತೇವೆ: 'ಮಗು ಹುಟ್ಟಿದ ತಕ್ಷಣ ಎರಡು ಸೂಜಿ, 12 ಗಂಟೆಯೊಳಗೆ. ಎದೆಹಾಲು ಮೊದಲ ಗಂಟೆಯಿಂದಲೇ ಕೊಡಬಹುದು.' ಇಮ್ಯುನೊಗ್ಲಾಬ್ಯುಲಿನ್ ಎಲ್ಲಿ ಸಿಗುತ್ತದೆ ಎಂಬ ಫೋನ್ ನಂಬರನ್ನು ಎಂಟನೆಯ ತಿಂಗಳಲ್ಲೇ ಗಂಡನ ಮೊಬೈಲಿಗೆ ಹಾಕಿಸುತ್ತೇವೆ.

ತಾಯಿಯ ತಾಯಿ ತುಮಕೂರಿನಲ್ಲಿ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ಮಾಡಿಸಿಕೊಳ್ಳುತ್ತಿದ್ದಾರೆ. ಆಕೆಯ ಮಗ, ಅಂದರೆ ಈ ತಾಯಿಯ ಅಣ್ಣ, ಲಸಿಕೆ ಇಲ್ಲದ ಅದೇ ಕಾಲದಲ್ಲಿ ಹುಟ್ಟಿದವರು. ಅವರು ಇನ್ನೂ ರಕ್ತ ಕೊಟ್ಟಿಲ್ಲ.